ಐದು ಎಲೆಗಳ ಎಣಿಕೆ

ಎಕ್ಕದ ಎಲೆಯ ಹಾಲು ಬೆರಳಿಗೆ ಹತ್ತಿದಾಗ ಬೆಳ್ಳಗಿರುತ್ತದೆ. ಸ್ವಲ್ಪ ಹೊತ್ತಿಗೆ ಅಂಟಾಗುತ್ತದೆ. ಆಮೇಲೆ ಧೂಳು ಹಿಡಿದು ಕಪ್ಪಗಾಗುತ್ತದೆ. ಪವಾಯಿ ಕೆರೆಯ ದಂಡೆಯಲ್ಲಿ ಆ ದಿನ ನನ್ನ ಬೆರಳು ಕಪ್ಪಗಾಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ನಾನು ಈಗಲೂ ಅಂದಾಜು ಮಾಡುತ್ತೇನೆ. ಅಷ್ಟು ಹೊತ್ತು ಒಂದು ಹುಡುಗಿ ನೀರಿನ ಅಂಚಿನಲ್ಲಿ ಒಬ್ಬಳೇ ಕೂತಿದ್ದಳು. ಒಮ್ಮೊಮ್ಮೆ ಐದು ನಿಮಿಷ ಅನ್ನಿಸುತ್ತದೆ, ಒಮ್ಮೊಮ್ಮೆ ಹತ್ತು. ಯಾವ ಅಂದಾಜಿನಲ್ಲೂ ನನಗೆ ಸಮಾಧಾನವಿಲ್ಲ.

ಐವತ್ತರ ದಶಕದ ನಡುವಿನ ವರ್ಷಗಳು. ಉಡುಪಿಯ ಕಡೆಯಿಂದ ಬಿ.ಎ. ಮುಗಿಸಿ ಬಂದ ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಗ್ರಾಂಟ್ ರೋಡಿನಲ್ಲಿ ನಮ್ಮೂರಿನವರ ಹೋಟೆಲೊಂದರ ಮೇಲಿನ ಖೋಲಿಯಲ್ಲಿ ನಾಲ್ಕು ಮಂಚ, ಅದರಲ್ಲಿ ಕಿಟಕಿ ಪಕ್ಕದ್ದು ನನ್ನದು. ಉಳಿದ ಮೂವರೂ ಕೆಳಗಿನ ಹೋಟೆಲಿನಲ್ಲಿ ಕೆಲಸದವರು. ನಾನು ಮನೆಯಲ್ಲಿದ್ದಾಗ ಅವರು ಕೆಳಗೆ, ಅವರು ಮೇಲೆ ಬಂದು ಮಲಗಿದಾಗ ನಾನು ಆಫೀಸಿನಲ್ಲಿ. ಭಾನುವಾರ ಬಂತೆಂದರೆ ದೋಸೆಕಲ್ಲಿನ ಮುಂದೆ ನಿಲ್ಲುವವನು ನನ್ನನ್ನು ನೋಡಿ ನಗುತ್ತಿದ್ದ.

"ನಿಮ್ಮ ಆಫೀಸಿಗೆ ರಜೆ ಉಂಟು ಮಾರಾಯ್ರೆ, ನಮ್ಮ ಕಲ್ಲಿಗೆ ಇಲ್ಲ. ಬಿ.ಎ. ಮಾಡಿದ್ರೆ ನಾನೂ ಮಂಚದಲ್ಲಿ ಬಿದ್ಕೊಂಡು ಮಾಡು ನೋಡ್ತಿದ್ದೆ."

ಅವನಿಗೆ ಅದು ಭಾಗ್ಯವಾಗಿ ಕಾಣುತ್ತಿತ್ತು. ನಾನು ನಿಜವಾಗಿಯೂ ಮಾಡನ್ನೇ, ತಲೆಯ ಮೇಲಿನ ಸೂರನ್ನೇ ನೋಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿ ಮುಗಿಸಿದರೂ ಹತ್ತು ಗಂಟೆಯಾಗಿರುತ್ತಿರಲಿಲ್ಲ.

ಅಂಥ ಒಂದು ಪತ್ರಿಕೆಯಲ್ಲೇ ಆ ಸಣ್ಣ ಪ್ರಕಟಣೆ ಕಂಡಿದ್ದು. ತಿಂಗಳಿಗೊಂದು ಭಾನುವಾರ ನಿಸರ್ಗಪ್ರೇಮಿಗಳ ಒಂದು ಗುಂಪು ಪವಾಯಿ ಕೆರೆಯ ಸುತ್ತಲಿನ ಉಪವನಕ್ಕೆ ಜನರನ್ನು ಕರೆದೊಯ್ದು ಗಿಡ, ಹಕ್ಕಿ, ಹುಳುಗಳನ್ನು ತೋರಿಸುತ್ತದೆ, ಶುಲ್ಕವಿಲ್ಲ, ಕುಟುಂಬಸಮೇತ ಬರತಕ್ಕದ್ದು. ಕೊನೆಯ ಮಾತನ್ನು ಓದಿ ಪತ್ರಿಕೆ ಮಡಿಸಿಟ್ಟೆ. ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಧಾರವಾಡದವರಿಗೆ ಸುಮ್ಮನೆ ಹೇಳಿದೆ. ಅವರು ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಜೋಗೇಶ್ವರಿಯ ಚಾಳಿನಲ್ಲಿದ್ದರು.

"ಕುಟುಂಬ ಇಲ್ಲಂದ್ರ ಏನಾತ್ರಿ ರಾಯರ, ನಮ್ಮ ಕುಟುಂಬದಾಗ ಸೇರಿಕೊಳ್ರಿ" ಎಂದರು ಅವರು, ಕಡತದಿಂದ ಕಣ್ಣೆತ್ತದೆ. "ಹುಡುಗರ ಸೋದರಮಾವ ಅಂತ ಬರಸೂಣ. ನನ್ನ ಹೇಣ್ತಿಗೆ ಅಣ್ಣ ತಮ್ಮ ಯಾರೂ ಇಲ್ಲ. ಮೇಲಾಗಿ ಡಬ್ಬಿ ಚೀಲ ಹೊರಲಿಕ್ಕೆ ನನಗೂ ಒಬ್ಬ ಆಳು ಬೇಕ."

ಹೀಗೆ ನಾನು ಆ ಗುಂಪಿನವರ ಹೆಸರಿನ ವಹಿಯಲ್ಲಿ ಬರೆದ ಒಂದು ಸಾಲಿನಿಂದ ಸೋದರಮಾವನಾದೆ. ಆ ಸಾಲು ನನಗೆ ಎಷ್ಟು ಮುಖ್ಯವಾಗಿತ್ತೆಂದು ಆಗ ಯಾರಿಗೂ ಹೇಳಿರಲಿಲ್ಲ. ಮುಂಬಯಿಗೆ ಬಂದು ಎರಡು ವರ್ಷವಾಗಿತ್ತು. ಅಷ್ಟು ದೊಡ್ಡ ಊರಿನಲ್ಲಿ ನಾನು ಬರಲಿಲ್ಲವೆಂದು ಕಾಯುವವರು ಆ ಮನೆಯವರು ಮಾತ್ರ. ಅವರ ಹೆಂಡತಿ ನನ್ನನ್ನು "ಅಣ್ಣಾರ" ಎನ್ನುತ್ತಿದ್ದರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು "ಅಕ್ಕ" ಎನ್ನುತ್ತಿದ್ದೆ. "ಆಕಿ ಅಣ್ಣ ಅಂತಾಳ, ನೀವು ಅಕ್ಕ ಅಂತೀರಿ, ಇಬ್ಬರೊಳಗ ದೊಡ್ಡವರು ಯಾರು ಅಂತ ಮೊದಲ ಇತ್ಯರ್ಥ ಮಾಡ್ಕೊಳ್ರಿ" ಎಂದು ಗಂಡ ನಗುತ್ತಿದ್ದರು. ಮಕ್ಕಳಿಗೆ ಮಾತ್ರ ತೊಡಕಿರಲಿಲ್ಲ. ಹತ್ತು ವರ್ಷದ ಹುಡುಗ, ಏಳು ವರ್ಷದ ಹುಡುಗಿ, ಇಬ್ಬರಿಗೂ ನಾನು ಮಾಮಾ.

ನಡಿಗೆಯ ಮುಖಂಡರು ನಿವೃತ್ತ ಪಾರಸಿ ಮೇಷ್ಟರು. ಖಾಕಿ ಚಡ್ಡಿ, ಬಿಸಿಲಿನ ಟೋಪಿ, ಕುತ್ತಿಗೆಯಲ್ಲಿ ದುರ್ಬೀನು. ಅವರದು ಎರಡೇ ಕಟ್ಟಳೆ. ಒಂದು, ಕಾಡಿನಲ್ಲಿ ಕೂಗಬಾರದು, ಓಡಬಾರದು. ಇನ್ನೊಂದು, ಗಿಡದಿಂದ ಏನನ್ನೂ ಕೀಳಬಾರದು. ನೆಲಕ್ಕೆ ಬಿದ್ದದ್ದನ್ನು ಮಾತ್ರ ಎತ್ತಿಕೊಳ್ಳಬೇಕು. ಒಂದೊಂದು ನಿಲುಗಡೆಯಿಂದ ಹೊರಡುವಾಗ ಅವರು ವಹಿ ತೆರೆದು ಕುಟುಂಬಗಳನ್ನು ಕರೆಯುತ್ತಿದ್ದರು. ಪ್ರತಿಯೊಂದು ಕುಟುಂಬದಲ್ಲೂ ಒಬ್ಬರು ತಮ್ಮವರನ್ನು ಎಣಿಸಿ "ಪೂರಾ" ಎನ್ನಬೇಕು. ಎಲ್ಲರೂ ಪೂರಾ ಎಂದ ಮೇಲೆಯೇ ಮುಂದಿನ ಹೆಜ್ಜೆ.

ನಮ್ಮಲ್ಲಿ ಪೂರಾ ಎನ್ನುವವರು ಅಕ್ಕ. ಆದರೆ ಆಕೆ ಮಕ್ಕಳನ್ನು ಎಣಿಸುತ್ತಿರಲಿಲ್ಲ. ಬೆರಳು ತೋರಿಸಿ ಒಂದು, ಎರಡು ಎಂದರೆ ಅವರ ಜೀವವೇ ಹೋದ ಹಾಗೆ. ಮೊದಲ ಸಲ ನಾನು ಹಾಗೆ ಎಣಿಸಲು ಹೊರಟಾಗ ನನ್ನ ಕೈಯನ್ನು ಗಾಳಿಯಲ್ಲೇ ತಡೆದಿದ್ದರು.

"ಎಣಸಬ್ಯಾಡ್ರಿ ಅಣ್ಣಾರ. ಕೂಸುಗಳನ್ನ ಎಣಸಬಾರದು."

"ದೃಷ್ಟಿಯಾ?"

"ಧಾರವಾಡದಾಗ ಒಂದು ಲಗ್ನದ ಪಂಕ್ತಿಯೊಳಗ ಯಾರೋ ಎಣಿಸಿದ್ರು. ಈ ಹುಡುಗನಕಿಂತ ಮೊದಲಿನಾಂವ ಒಬ್ಬ ಇದ್ದ." ಅಷ್ಟು ಹೇಳಿ ಡಬ್ಬಿಯ ಮುಚ್ಚಳ ಒತ್ತಿದರು. ಆ ಮಾತು ಮತ್ತೆ ಬರಲಿಲ್ಲ.

ಮಕ್ಕಳ ಬದಲು ಆಕೆ ಬೇರೆ ಏನನ್ನಾದರೂ ಎಣಿಸುತ್ತಿದ್ದರು. ಮನೆಯಲ್ಲಿ ಸಂಜೆ ಬಾಗಿಲ ಬಳಿ ಚಪ್ಪಲಿ ಜೋಡಿ ಎಣಿಸಿ ಎಲ್ಲರೂ ಒಳಗಿದ್ದಾರೆಂದು ತಿಳಿಯುತ್ತಿದ್ದರು. ಊಟಕ್ಕೆ ಲೋಟ. ನಾನು ಹೋದ ದಿನ "ಐದು ಜೋಡಾ ಅದಾವ, ಬಾಗಿಲಾ ಮುಂದ ಮಾಡು" ಎಂದು ಬಾಗಿಲು ಮುಚ್ಚಲು ಮಗನಿಗೆ ಹೇಳುವುದು ಒಳಗೆ ಕೂತ ನನ್ನ ಕಿವಿಗೆ ಬೀಳುತ್ತಿತ್ತು. ಆ ಐದರಲ್ಲಿ ನನ್ನ ಸವೆದ ಚಪ್ಪಲಿಯೂ ಸೇರಿತ್ತು. ಗ್ರಾಂಟ್ ರೋಡಿಗೆ ಹಿಂತಿರುಗುವ ಲೋಕಲ್‌ನಲ್ಲಿ ಅದನ್ನು ನೆನೆದುಕೊಂಡೇ ಬರುತ್ತಿದ್ದೆ.

ಪವಾಯಿಯಲ್ಲಿ ಅವರಿಗೆ ಒಂದು ಸಾಧನ ತಾನಾಗಿ ಸಿಕ್ಕಿತ್ತು. ಪ್ರತಿ ನಿಲುಗಡೆಯಲ್ಲೂ ಒಬ್ಬೊಬ್ಬರು ಒಂದೊಂದು ಉದುರಿದ ಎಲೆ ತರಬೇಕು, ಅದು ಯಾವ ಮರದ್ದೆಂದು ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದರು ಮೇಷ್ಟರು. ಅಕ್ಕ ಪ್ರತಿ ಸಲ ಬರಿದು ಮಾಡಿದ ಬಟ್ಟೆಯ ಚೀಲ ಹಿಡಿದು ನಮ್ಮೆಲ್ಲರ ಹತ್ತಿರ ಬಂದು ಎಲೆ ಹಾಕಿಸಿಕೊಳ್ಳುತ್ತಿದ್ದರು. ಚೀಲದೊಳಗೆ ಕೈ ಹಾಕಿ ಎಲೆ ಎಣಿಸಿ, ಐದು ಬಂದರೆ ಸೆರಗು ಸರಿಪಡಿಸಿಕೊಂಡು "ಪೂರಾ" ಎನ್ನುತ್ತಿದ್ದರು. ನಾಲ್ಕು ನಡಿಗೆಗಳಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಎಲೆ ಕೊಡುವ ಕೈ ಇದ್ದರೆ ಮನುಷ್ಯ ಇದ್ದ ಹಾಗೆಯೇ ತಾನೆ?

ಆ ಭಾನುವಾರ ಮಳೆಗಾಲ ಕಳೆದು ಕೆಲವು ದಿನಗಳಾಗಿದ್ದವು. ಅಂಧೇರಿಯಲ್ಲಿ ಬಸ್ಸು ಹಿಡಿದು ಇಳಿದಾಗ ಕೆರೆ ತುಂಬಿ ತುಳುಕುತ್ತಿತ್ತು. ಈಗ ಅಲ್ಲಿ ಎದ್ದಿರುವ ಕಟ್ಟಡಗಳು ಯಾವುವೂ ಆಗ ಇರಲಿಲ್ಲ. ಎದೆಯೆತ್ತರದ ಹುಲ್ಲು, ಗುಡ್ಡ, ನೀರು. ಬೆಳಿಗ್ಗೆಯೇ ಮೇಷ್ಟರು ದುರ್ಬೀನನ್ನು ಒಬ್ಬೊಬ್ಬರ ಕಣ್ಣಿಗೆ ಹಿಡಿದು ಆಚೆ ದಡದ ಕೆಸರಿನಲ್ಲಿ ಮಲಗಿದ್ದ ಮೊಸಳೆಯನ್ನು ತೋರಿಸಿದರು.

"ದೇಖೋ ಡೀಕ್ರಾ, ಲಕಡಾ ನಹೀಂ ಹೈ. ಲಕಡಾ ಕೋ ಕಂಧಾ ಹೋತಾ ಹೈ ಕ್ಯಾ?"

ಅದು ಮರದ ದಿಮ್ಮಿಯಲ್ಲ ಮಗೂ, ದಿಮ್ಮಿಗೆ ಹೆಗಲಿರುವುದಿಲ್ಲ ಎಂದು. ಹುಡುಗಿ ದುರ್ಬೀನಿನಲ್ಲಿ ನೋಡಿ, "ಮಾಮಾ, ಅದು ಸೋತಾ ಹೈ" ಎಂದಳು. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ ಹಿಂದಿ. ಅವಳ ಬಾಯಲ್ಲಿ ಮೂರೂ ಒಂದೇ ಭಾಷೆಯಾಗಿತ್ತು. ನಿದ್ದೆ ಮಾಡುತ್ತಿದೆ ಎಂದು ನಾನೂ ಒಪ್ಪಿದೆ.

ಹನ್ನೊಂದರ ಹೊತ್ತಿಗೆ ಈಚೆ ದಡದಲ್ಲಿ ಊಟದ ಡಬ್ಬಿ ಬಿಚ್ಚಿ, ತಿಂದು, ಮತ್ತೆ ಕಟ್ಟಿದೆವು. ನೀರಿಗೂ ನಮಗೂ ನಡುವೆ ಹುಲ್ಲಿನ ಗೋಡೆಯಿತ್ತು. ಹೊರಡುವ ಗಡಿಬಿಡಿಯಲ್ಲಿ ಹುಡುಗಿ ನನ್ನ ಹಿಂದೆ ಬಂದು ಅಂಗಿ ಎಳೆದಳು. ಅವಳ ಕೈಯಲ್ಲಿ ದಪ್ಪನೆಯ ಎಕ್ಕದ ಎಲೆಯಿತ್ತು. ತೊಟ್ಟಿನಿಂದ ಹಾಲು ಸುರಿಯುತ್ತಿತ್ತು.

"ಕಿತ್ತಿದ್ಯಾ?"

"ಹೂಂ. ಬಿದ್ದದ್ದು ಸಿಗಲೇ ಇಲ್ಲ. ಇದು ನೀ ಹಿಡಿ ಮಾಮಾ. ಅವ್ವಗ ಹೇಳಬ್ಯಾಡ. ಬಾವಾಜಿ ಬೈತಾನ."

ಬಾವಾಜಿ ಎಂದರೆ ಪಾರಸಿ ಮೇಷ್ಟರು. ನಾನು ತೆಗೆದುಕೊಂಡೆ. ಹಿಗ್ಗಿದೆ ಎಂದೇ ಹೇಳಬೇಕು. ಮಕ್ಕಳು ಗುಟ್ಟನ್ನು ಹೊರಗಿನವರಿಗೆ ಕೊಡುವುದಿಲ್ಲ. ಅವಳ ಅಂಗೈಗೆ ಹಾಲು ಮೆತ್ತಿದ್ದನ್ನು ನೋಡಿ ನಮ್ಮೂರಿನ ಹಿರಿಯರು ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ.

"ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣು ಹೋಗ್ತದೆ. ಮೊದಲು ಕೈ ತೊಳ್ಕೊ ಹೋಗು."

ಅಕ್ಕನ ಹತ್ತಿರ ತಾಮ್ರದ ತಂಬಿಗೆಯಲ್ಲಿ ನೀರಿತ್ತು. ಅಲ್ಲಿಗೆ ಹೋಗುತ್ತಾಳೆಂದು ನಾನು ತಿಳಿದೆ. ಅವ್ವನ ಹತ್ತಿರ ಹೋದರೆ ಕೈ ಯಾಕೆ ಅಂಟಾಯಿತೆಂದು ಕೇಳುತ್ತಾಳೆ, ಗುಟ್ಟು ಹೊರಗೆ ಬೀಳುತ್ತದೆ ಎಂಬುದು ಏಳು ವರ್ಷದ ಹುಡುಗಿಗೆ ಹೊಳೆದದ್ದು ಬಿ.ಎ. ಆದ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮೇಷ್ಟರು ವಹಿ ತೆರೆದರು. ಅಕ್ಕ ಚೀಲ ಹಿಡಿದು ಬಂದರು. ಗಂಡ ಒಂದು ಎಲೆ ಹಾಕಿದರು, ಹುಡುಗ ಒಂದು ಹಾಕಿದ. ನಾನು ನನ್ನ ಸಾಗುವಾನಿಯ ಎಲೆಯ ಕೆಳಗೆ ಎಕ್ಕದ ಎಲೆಯನ್ನು ಅಡಗಿಸಿ ಎರಡನ್ನೂ ಒಟ್ಟಿಗೆ ಬಿಟ್ಟೆ. ಅಕ್ಕ ತಮ್ಮದೊಂದು ಸೇರಿಸಿ ಚೀಲದೊಳಗೆ ಕೈಯಾಡಿಸಿದರು. ಐದು. ಕಣ್ಣೆತ್ತಲಿಲ್ಲ.

"ಪೂರಾ."

ಆ ಪದ ನನಗೆ ಕೇಳಿಸಿತ್ತು. ಆಗ ತಲೆಯೆತ್ತಿ ಸುತ್ತ ನೋಡಬಹುದಿತ್ತು. ನೋಡಲಿಲ್ಲ. ನನ್ನ ತಲೆಯಲ್ಲಿ ಗುಟ್ಟು ಉಳಿಯಿತು ಎಂಬ ಸಂತೋಷ ಮಾತ್ರ ಇತ್ತು.

ಸಾಲು ಹೊರಟಿತು. ಕಾಲುದಾರಿ ದಡದಿಂದ ದೂರ ಸರಿದು ಗುಡ್ಡ ಏರುತ್ತದೆ. ಹುಲ್ಲಿನಲ್ಲಿ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಾಲಿನ ಕೊನೆಯವನು ನಾನು. ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಲು ಹೋದಾಗ ಬೆರಳುಗಳು ಹಿಡಿಕೆಗೆ ಅಂಟಿಕೊಂಡವು. ನೋಡಿದರೆ ಕಪ್ಪಗಾಗಿದ್ದವು. ಕೈ ತೊಳೆದುಕೊಳ್ಳಬೇಕಿತ್ತು ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ನೆನಪಾಯಿತು.

ಮುಂದೆ ನೋಡಿದೆ. ಹುಡುಗನ ಟೋಪಿ ಇತ್ತು. ಅವಳ ಕೆಂಪು ರಿಬ್ಬನ್ ಇರಲಿಲ್ಲ.

ಹಿಂದಕ್ಕೆ ತಿರುಗಿದೆ. ಏರಿನ ಮೇಲಿದ್ದುದರಿಂದ ಹುಲ್ಲಿನ ಆಚೆ ಕೆರೆ ಪೂರ್ತಿ ಕಾಣುತ್ತಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುವ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಅವಳು ಕುಕ್ಕರುಗಾಲಲ್ಲಿ ಕೂತು, ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಮಣ್ಣು ಹಚ್ಚಿ ಕೈ ಉಜ್ಜುತ್ತಿದ್ದಳು. ಉಜ್ಜಿ ನೀರಿಗೆ ಅದ್ದುವಳು, ಮೂಸಿ ನೋಡುವಳು, ಮತ್ತೆ ಉಜ್ಜುವಳು. ಅವಳಿಂದ ಹತ್ತು ಮಾರು ದೂರದಲ್ಲಿ ನೀರಿನ ಮೇಲೆ ಒಂದು ದಿಮ್ಮಿ ತೇಲುತ್ತಿತ್ತು. ನಾವು ಊಟಕ್ಕೆ ಕೂರುವ ಮೊದಲು ಅದು ಅಲ್ಲಿರಲಿಲ್ಲ.

ನೋಡುತ್ತಿದ್ದಂತೆ ದಿಮ್ಮಿ ಮುಳುಗಿತು. ಸದ್ದಿಲ್ಲ, ಅಲೆಯಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ನಾನು ಅಲ್ಲೇ ನಿಂತಿರುತ್ತೇನೆ. ಬಾಯಿ ತೆರೆದಿದೆ, ದನಿ ಬರುವುದಿಲ್ಲ. ಕೂಗಿದರೆ ಬೆಚ್ಚಿ ನೀರಿಗೆ ಜಾರುತ್ತಾಳೆ, ಅದಕ್ಕೇ ಕೂಗಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಕೂಗಬಾರದು, ಓಡಬಾರದು ಎಂಬ ಕಟ್ಟಳೆ ಇತ್ತಲ್ಲ ಎಂದೂ ಹೇಳಿಕೊಂಡೆ. ಎರಡೂ ಸುಳ್ಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಯಾವ ಯೋಚನೆಯೂ ಇರಲಿಲ್ಲ. ಕಾಲು ನನ್ನದಾಗಿರಲಿಲ್ಲ, ಅಷ್ಟೆ.

ಅದೇ ದಡದಲ್ಲಿ ದೂರದಿಂದ ಹುಲ್ಲು ಕೊಯ್ದು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ತಲೆಯ ಹೊರೆಯನ್ನು ಎಸೆದು ಓಡಿದ್ದು ಕಂಡಿತು. ಕುಡುಗೋಲು ಕೈಯಲ್ಲೇ ಇತ್ತು. ಕಲ್ಲಿನ ಹತ್ತಿರ ಬಂದವಳೇ ಇನ್ನೊಂದು ಕೈಯಲ್ಲಿ ಹುಡುಗಿಯ ಜಡೆಯನ್ನೂ ಲಂಗವನ್ನೂ ಒಟ್ಟಿಗೆ ಹಿಡಿದು ಮೇಲಕ್ಕೆ ಎಳೆದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ಹುಡುಗಿ ಕಿರುಚಿದ್ದು ಜಡೆಯ ನೋವಿಗೆ.

ಆಗ ಕಲ್ಲಿನ ಅಂಚಿನಲ್ಲಿ, ಅವಳು ಕೈ ಅದ್ದುತ್ತಿದ್ದ ಜಾಗದಲ್ಲೇ, ನೀರು ಬಿರಿದು ತಲೆ ಎದ್ದಿತು. ಬಾಯಿ ತೆರೆಯಲಿಲ್ಲ. ಖಾಲಿ ಕಲ್ಲನ್ನು ಸ್ವಲ್ಪ ಹೊತ್ತು ನೋಡಿ, ಬಂದ ಹಾಗೆಯೇ ಇಳಿದು ಹೋಯಿತು.

ನನ್ನ ಕಾಲು ಆಮೇಲೆ ಬಂತು. ಇಳಿದು ಓಡಿದೆ. ಹುಲ್ಲಿನ ಹೆಂಗಸು ಏದುಸಿರು ಬಿಡುತ್ತ ನನ್ನ ಮೇಲೆ ಹರಿಹಾಯ್ದಳು.

"ಕುಣಾಚೀ ಪೋರ್ ಆಹೆ ಹೀ? ಬೋಲ್ ನಾ! ಕುಣಾಚೀ?"

ಯಾರ ಮಗು ಇದು? ಸರಳವಾದ ಪ್ರಶ್ನೆ. ಎರಡು ವರ್ಷದ ಮರಾಠಿ ನಾಲಿಗೆಯ ಮೇಲಿತ್ತು, ಆದರೂ ಬಗ್ಗಿ ಹುಡುಗಿಯ ಲಂಗದ ಮಣ್ಣು ಕೊಡವತೊಡಗಿದೆ. ಅಷ್ಟರಲ್ಲಿ ಕಿರುಚಾಟ ಕೇಳಿ ಎಲ್ಲರೂ ಬಂದರು. ಅಕ್ಕ ಮಗಳ ಮೇಲೆ ಬಿದ್ದು ಕೈ, ಕಾಲು, ಬೆನ್ನು, ಕಿವಿ ಎಲ್ಲವನ್ನೂ ಮುಟ್ಟಿ ನೋಡಿದರು. ಆಮೇಲೆ ಹುಲ್ಲಿನ ಹೆಂಗಸಿನ ಕಾಲು ಹಿಡಿದರು. ಆಕೆ ಕಾಲು ಎಳೆದುಕೊಂಡು, ಬಯ್ಯುತ್ತಲೇ, ಚೆಲ್ಲಿದ ಹುಲ್ಲನ್ನು ಒಟ್ಟುಮಾಡಲು ಹೋದಳು.

ಮೇಷ್ಟರು ವಹಿ ಬಿಚ್ಚಿ, "ಆಪ್ ನೇ ಪೂರಾ ಬೋಲಾ, ಬೆಹೆನ್" ಎಂದಾಗ ಗಂಡ ಅಕ್ಕನ ಮೇಲೆ ಎಗರಿದರು.

"ಕೂಸು ನೀರಿನಾಗ, ನೀ ಇಲ್ಲಿ ಎಲಿ ಎಣಸಕೋತ ನಿಂತಿದ್ದಿ! ಎಷ್ಟು ಸಲ ಹೇಳೀನಿ, ತಲಿ ಎಣಸು, ತಲಿ ಎಣಸು ಅಂತ? ಎಲಿ ಎಣಿಸಿ ಮಗಳನ್ನ ಕಳೀತಿದ್ದಿ ಅಲ್ಲ?"

"ಐದು ಇದ್ವು ರೀ." ಅಕ್ಕ ಚೀಲವನ್ನು ನೆಲದ ಮೇಲೆ ಸುರಿದರು. ಸಾಗುವಾನಿ, ಮುತ್ತುಗ, ಇನ್ನೆರಡು, ಒಂದು ಎಕ್ಕ. "ನೋಡ್ರಿ. ನೀವ ನೋಡ್ರಿ. ಐದು ಅದಾವ."

ಎಕ್ಕದ ಎಲೆಯ ತೊಟ್ಟಿನಲ್ಲಿ ಹಾಲು ಇನ್ನೂ ಹಸಿಯಿತ್ತು. ಹುಡುಗಿ ಅವ್ವನ ಸೊಂಟದ ಹತ್ತಿರದಿಂದ ನನ್ನನ್ನು ನೋಡಿದಳು. ಹೇಳಬೇಡ ಎಂದು ಅವಳು ಕೇಳಿದ್ದಳು. ನಾನು ಹೇಳಲಿಲ್ಲ. ಅವಳು ಕೇಳಿದ್ದಕ್ಕೆ ಹೇಳಲಿಲ್ಲ ಎಂದು ಬರೆದರೆ ಇದೂ ಮೂರನೆಯ ಸುಳ್ಳಾಗುತ್ತದೆ. ಹೇಳಿದರೆ ಆ ಐದು ಜೋಡಿ ಚಪ್ಪಲಿ ನಾಲ್ಕಾಗುತ್ತವೆ ಎಂಬ ಭಯಕ್ಕೆ ಸುಮ್ಮನಿದ್ದೆ.

ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗಿ ನನ್ನ ತೊಡೆಯ ಮೇಲೆ ನಿದ್ದೆ ಮಾಡಿದಳು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮರುದಿನದಿಂದ ಆಫೀಸಿನಲ್ಲಿ ಪಕ್ಕದ ಮೇಜಿನವರು ಆ ಕತೆಯನ್ನು ಬಂದವರಿಗೆಲ್ಲ ಹೇಳತೊಡಗಿದರು. ಭಯ ಇಳಿದ ಮೇಲೆ ಅದು ಅವರ ಬಾಯಲ್ಲಿ ಚೇಷ್ಟೆಯಾಯಿತು. "ನಮ್ಮ ಮನೆಯವರ ಲೆಕ್ಕ ಕೇಳ್ರಿಪಾ. ಎಲಿ ಅದ, ಮಗಳಿಲ್ಲ!" ಎಲ್ಲರೂ ನಗುತ್ತಿದ್ದರು. ಮನೆಯಲ್ಲಿ ಅದು ಚೇಷ್ಟೆಯಾಗಿರಲಿಲ್ಲವೆಂದು ಅವರ ಮಾತುಗಳಿಂದಲೇ ತಿಳಿಯುತ್ತಿತ್ತು. ಅವಳಿಂದ ಚಪ್ಪಲಿ ಎಣಿಸುವುದನ್ನು ಬಿಡಿಸಿದ್ದೇನೆ, ಲೋಟ ಎಣಿಸುವುದನ್ನು ಬಿಡಿಸಿದ್ದೇನೆ, ನಿನ್ನೆ ಮಕ್ಕಳಿಬ್ಬರನ್ನೂ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು ಒಂದು, ಎರಡು ಎಂದು ಎಣಿಸಲು ಹಚ್ಚಿದೆ, ಎಣಿಸುವಾಗ ಅತ್ತಳು ಎಂದೆಲ್ಲ ಹೇಳುತ್ತಿದ್ದರು. ನಾನು ಕಡತಕ್ಕೆ ದಾರ ಕಟ್ಟುತ್ತ ಕೂತಿರುತ್ತಿದ್ದೆ.

ಖೋಲಿಯಲ್ಲಿ ಮಾಡನ್ನು ನೋಡಿದರೆ ಕಲ್ಲು ಕಾಣುತ್ತಿತ್ತು. ಹತ್ತು ಮಾರು, ನಾನು ನಿಂತಲ್ಲಿಂದ ದಡಕ್ಕೆ ಎಷ್ಟು ಹೆಜ್ಜೆ, ಆ ಹೆಂಗಸು ಓಡಿದ್ದು ಎಷ್ಟು ದೂರ. ಅವಳು ನನಗಿಂತ ದೂರದಲ್ಲಿದ್ದಳು. ಎಷ್ಟು ಸಲ ಅಳೆದರೂ ದೂರದಲ್ಲೇ ಇದ್ದಳು. ದೋಸೆಯವನು ಭಾನುವಾರ ಮಧ್ಯಾಹ್ನ ಕೇಳಿದ, "ಎಂತ ಮಾರಾಯ್ರೆ, ಕೈಯನ್ನು ಅಷ್ಟು ಉಜ್ಜಿದ್ರೆ ಚರ್ಮ ಬರ್ತದೆ." ನಲ್ಲಿಯ ಕೆಳಗೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಬೆರಳಿನಲ್ಲಿ ಕಪ್ಪು ಎಂದೋ ಹೋಗಿತ್ತು.

ಹದಿನೈದನೆಯ ದಿನ ಜೋಗೇಶ್ವರಿಗೆ ಹೋದೆ. ಭಾನುವಾರ ಬೆಳಿಗ್ಗೆ. ಗಂಡ ಮಗನೊಂದಿಗೆ ಮಾರ್ಕೆಟ್ಟಿಗೆ ಹೋಗಿದ್ದರು. ಹುಡುಗಿ ಚಾಳಿನ ಕೊನೆಯ ನಲ್ಲಿಯ ಹತ್ತಿರ ಗೆಳತಿಯರ ಜೊತೆ ಆಡುತ್ತಿದ್ದಳು. ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಹೊಸ್ತಿಲ ಒಳಗೆ ಮಣೆ ಹಾಕಿ ಕೂರಿಸಿದರು. ನಾನು ಕೂತ ಕೂಡಲೇ, ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಎಕ್ಕದ ಎಲೆ ನನ್ನ ಕೈಯಿಂದ ಬಿದ್ದದ್ದು, ಕೈ ತೊಳೆದುಕೋ ಎಂದು ಕಳಿಸಿದ್ದು ನಾನು, ನೋಡುತ್ತ ನಿಂತದ್ದೂ ನಾನೇ.

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಅದೊಂದನ್ನು ಮುಗಿಸಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದ ಮೇಲೆ ಅವರು ಮಾತಾಡಿದರು.

"ನನಗ ಗೊತ್ತದರಿ ಅಣ್ಣಾರ."

"ಗೊತ್ತುಂಟಾ?"

"ಮೂರನೇ ದಿನಾನ ಹುಡುಗಿ ಹೇಳಿದ್ಲು. ಎಲಿ ಹೆಂಗ ಐದಾದ್ವು ಅಂತ ನಾ ಹುಚ್ಚಿ ಹಂಗ ಕೂತಿದ್ದೆ, ನೋಡಲಾರದ ಹೇಳಿದ್ಲು."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಅಕ್ಕ? ನಿಮ್ಮನ್ನೇ ಬಯ್ತಾ ಇದ್ರಲ್ಲ."

"ಹೇಳಿದ್ರ ನಿಮ್ಮನ್ನ ಈ ಹೊಸ್ತಿಲಾ ದಾಟಸ್ತಿದ್ದಿಲ್ಲ ಅವರು. ನಿಮ್ಮ ಮಂದಿ ಇಲ್ಲದ ಊರಾಗ ಇದ್ದೀರಿ, ಅನ್ನಿಸ್ತು." ರೊಟ್ಟಿ ಮಗುಚಿದರು. "ನೀವ ಬಂದು ಹೇಳ್ತೀರಿ ಅಂತ ಕಾಯ್ದೆ. ನಾಳೆ ಬರ್ತಾರ, ನಾಡದ ಬರ್ತಾರ. ದಿನಾ ಅವರ ಬಾಜೂಕ ಕುಂತು ಕೇಳ್ತಿದ್ದಿರಿ ಅಲ್ಲ?"

"ಹೌದು."

"ಎಲಿ ಎರಡು ಹಾಕಿದ್ದು ತಪ್ಪಂತ ನಾ ಅನ್ನೂದಿಲ್ಲರಿ. ಅದು ಕೂಸಿನ ಮ್ಯಾಲಿನ ಮಾಯೆಗೆ ಆತು. ಅಂಜಿ ನಿಂತ್ರಿ, ಅದೂ ಇರಲಿ, ಅಂಜಿಕಿ ಯಾರಿಗಿಲ್ಲ? ಈ ಹದಿನೈದು ದಿನಾ ಅದಾವಲ್ಲ..."

ತಟ್ಟೆಯಲ್ಲಿ ರೊಟ್ಟಿ, ಮೇಲೆ ಬೆಣ್ಣೆ, ಶೇಂಗಾ ಹಿಂಡಿ ಹಾಕಿ ನನ್ನ ಮುಂದೆ ಇಟ್ಟರು. ಎಂದಿನಷ್ಟೇ ಬೆಣ್ಣೆ. "ಅವರಿಗೂ ನೀವ ಹೇಳ್ರಿ. ನನ್ನ ಬಾಯಿಂದ ಬ್ಯಾಡ" ಎಂದರು.

ಗಂಡ ಕಾಯಿಪಲ್ಲೆಯ ಚೀಲದೊಂದಿಗೆ ಬಂದರು. ನಾನು ಎದ್ದು ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಬೇಕಿತ್ತು, ಆಗಲಿಲ್ಲ. ಅವರು ಕೇಳಿ ಮುಗಿಸಿ ಹೆಂಡತಿಯ ಕಡೆ ನೋಡಿದರು. ಆಕೆ ಒಲೆಯ ಕಡೆ ನೋಡುತ್ತಿದ್ದರು. ಆ ಮನೆಯಲ್ಲಿ ಆ ಹೊತ್ತು ಮೂವರಿಗೂ ನೋಡಲು ಬೇರೆ ಬೇರೆ ಜಾಗ ಬೇಕಿತ್ತು.

"ಆತು ಬಿಡ್ರಿ ರಾಯರ" ಎಂದರು ಕೊನೆಗೆ. "ಹುಡುಗಿ ಉಳಿದಳಲ್ಲ." ಬಯ್ದಿದ್ದರೆ ಚೆನ್ನಾಗಿತ್ತು. ನಾನು ಹೊರಟಾಗ ಬರ್ರಿ ಎಂದರು, ಯಾವಾಗ ಎಂದು ಹೇಳಲಿಲ್ಲ. ಮುಂಚೆ ಬರುವ ಭಾನುವಾರ ಎನ್ನುತ್ತಿದ್ದರು.

ಸೋಮವಾರದಿಂದ ಪಕ್ಕದ ಮೇಜಿನಲ್ಲಿ ಎಲೆಯ ಕತೆ ನಿಂತಿತು. ಉಳಿದ ಮಾತುಗಳೂ ನಿಂತವು. ಕಡತ ಕೊಡ್ರಿ, ಕಡತ ತಗೊಳ್ರಿ. ಸಂಜೆ ಲೋಕಲ್‌ಗೆ ಒಟ್ಟಿಗೆ ನಡೆಯುತ್ತಿದ್ದವರು ಅವರೇ ಐದು ನಿಮಿಷ ಮೊದಲು ಎದ್ದು ಹೋಗತೊಡಗಿದರು.

ಮುಂದಿನ ತಿಂಗಳ ನಡಿಗೆಗೆ ನಾನು ಒಬ್ಬನೇ ಹೋದೆ. ಹೋಗದೆ ಇರಬಹುದಿತ್ತು. ಆ ಕಲ್ಲನ್ನು ಇನ್ನೊಮ್ಮೆ ನೋಡದೆ ನಿದ್ದೆ ಬರುವುದಿಲ್ಲ ಎನ್ನಿಸಿತ್ತು. ಬಸ್ಸಿಳಿದಾಗ ಅವರು ನಾಲ್ವರೂ ಅಲ್ಲಿದ್ದರು. ಹುಡುಗ ಹಕ್ಕಿ ನೋಡಬೇಕೆಂದು ಹಟ ಹಿಡಿದಿದ್ದನಂತೆ. ಅಕ್ಕ ನನ್ನನ್ನು ನೋಡಿ ತಲೆಯಾಡಿಸಿದರು. ಹುಡುಗಿ ಓಡಿ ಬರಲು ಹೊರಟು, ಅವ್ವನ ಮುಖ ನೋಡಿ, ನಡೆದು ಬಂದಳು.

"ಮಾಮಾ, ಈಗ ನಾವು ಪಾನೀ ತನಕ ಹೋಗೂದಿಲ್ಲ. ದೂರ್ ಸೇ ನೋಡ್ತೀವಿ."

"ಒಳ್ಳೆಯದು ಮಗಾ."

ಮೇಷ್ಟರು ವಹಿ ಬಿಚ್ಚಿದರು. ಅವರೂ ತಮ್ಮ ಪದ್ಧತಿ ಬದಲಿಸಿದ್ದರು. ಈಗ ಎಲೆಗಳನ್ನು ಅವರೇ ಕೊನೆಯಲ್ಲಿ ತೆಗೆದುಕೊಳ್ಳುತ್ತಿದ್ದರು, ಎಣಿಕೆಗೂ ಎಲೆಗೂ ಸಂಬಂಧವಿರಲಿಲ್ಲ. ಜೋಗೇಶ್ವರಿಯವರ ಸಾಲಿಗೆ ಬಂದಾಗ ಅಕ್ಕ ಮುಂದೆ ಬಂದರು. ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಎಣಿಸಿದರು. ಮಗನ ತಲೆ, ಒಂದು. ಮಗಳ ತಲೆ, ಎರಡು. ಆ ಎರಡು ಪದಗಳನ್ನು ಹೇಳುವಾಗ ಅವರ ತುಟಿ ಬಿಳಿಚಿತ್ತು. ಗಂಡನ ಹೆಸರು ಹೇಳುವಂತಿಲ್ಲ, ತಲೆ ಮುಟ್ಟುವಂತಿಲ್ಲ; ಕಣ್ಣಿನಲ್ಲೇ ಮೂರು ಎಂದರು. ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಾಲ್ಕು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಕೈ ಇನ್ನೂ ಎದೆಯ ಮೇಲೆಯೇ ಇತ್ತು. ಐದು ಎನ್ನಲು ಅವರ ಬಾಯಿ ತೆರೆಯಿತೋ ಇಲ್ಲವೋ ನನಗೆ ಈಗಲೂ ಖಚಿತವಿಲ್ಲ. ನಾನು ಕಾಯಲಿಲ್ಲ.

"ನನ್ನದು ಬೇರೆ ಬರೆಯಿರಿ" ಎಂದು ಮೇಷ್ಟರಿಗೆ ಹಿಂದಿಯಲ್ಲಿ ಹೇಳಿದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನೂ ಅಕ್ಕನನ್ನೂ ನೋಡಿದರು. "ಫ್ಯಾಮಿಲಿ ಮೇಂ ಕಿತನಾ?"

"ಏಕ್."

ಒಂದು ಕ್ಷಣ ಪೆನ್ಸಿಲ್ ನಿಂತಿತು. ಕುಟುಂಬಸಮೇತ ಬರತಕ್ಕದ್ದು ಎಂಬ ನಿಯಮ ಅವರಿಗೆ ನೆನಪಾಗಿರಬೇಕು. ಆಮೇಲೆ ಬರೆದುಕೊಂಡರು. ಅಕ್ಕ ಎದೆಯ ಮೇಲಿನ ಕೈ ಇಳಿಸಿ, "ಪೂರಾ" ಎಂದರು.

ನಡೆದೆವು. ಆಚೆ ದಡದಲ್ಲಿ ಮೊಸಳೆ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಿಳಿಯ ಕೊಕ್ಕರೆ ನಿಂತಿತ್ತು. ಅದನ್ನು ನೋಡಲು ಎಲ್ಲರೂ ಸಾಲಾಗಿ ನಿಂತರು, ಪಿಸುಮಾತಿನಲ್ಲಿ ಹೆಸರು ಕೇಳಿದರು. ನಾನು ಕೊಕ್ಕರೆಯ ಕೆಳಗಿನ ನೀರನ್ನು ನೋಡುತ್ತಿದ್ದೆ. ಹುಲ್ಲು ಕೊಯ್ಯುವ ಹೆಂಗಸು ಎಲ್ಲಾದರೂ ಕಾಣುತ್ತಾಳೇನೋ ಎಂದು ದಡದ ಉದ್ದಕ್ಕೂ ಹುಡುಕಿದೆ. ಕಂಡಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು.

ಹೊರಡುವಾಗ ಮೇಷ್ಟರು ಮತ್ತೆ ಒಂದೊಂದೇ ಕುಟುಂಬವನ್ನು ಕರೆದರು. ಪೂರಾ, ಪೂರಾ, ಪೂರಾ. ನನ್ನ ಸಾಲು ಎಲ್ಲರಿಗಿಂತ ಕೆಳಗೆ. ನನ್ನ ಹೆಸರು ಬಂದಾಗ ಹುಡುಗಿ ಹಿಂತಿರುಗಿ, ಬೆರಳು ತೋರಿಸದೆ, ನನ್ನ ಕಡೆ ಸುಮ್ಮನೆ ನೋಡಿದಳು. ನಾನು ಸುತ್ತ ನೋಡಿಕೊಂಡೆ. ನೋಡುವುದಕ್ಕೆ ಯಾರೂ ಇರಲಿಲ್ಲವಾದರೂ ನೋಡಿಕೊಂಡೆ. ಆಮೇಲೆ ಪೂರಾ ಎಂದೆ.